ಹಲಸಿನ ಬೀರುವಿಗೆ ಬಿಳಿ ಪೇಂಟ್: ಹಳದಿ ಕಲೆ ನಿಂತದ್ದು ಹೀಗೆ

ಮಡಿಕೇರಿಯಲ್ಲಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಹಲಸಿನ ಬೀರು. ಬಿಳಿ ಎನಾಮಲ್ ಒಣಗಿದ ಮೇಲೆ ಹಳದಿ ಕಲೆ ಏಳುತ್ತಿತ್ತು. ಇನ್ನೊಂದು ಕೋಟ್ ಹೊಡೆದೆ, ಮತ್ತೆ ಉಜ್ಜಿದೆ, ವಾಟರ್ ಪ್ರೈಮರ್ ಹಾಕಿದೆ. ಪ್ರಯೋಜನ ಆಗಲಿಲ್ಲ. ಹಲಸಿನಲ್ಲೇ ಹಳದಿ ಬಣ್ಣ ಇದೆ ಅಲ್ವಾ, ಅದು ಮೇಲೆ ಬರುತ್ತದೆ.

ತಡೆದದ್ದು ಅರಗು, ಅಂದರೆ ಶೆಲ್ಯಾಕ್. ಮೇಣ ತೆಗೆದ ಅರಗಿನ ಚಕ್ಕೆಯನ್ನೇ ಕೇಳಿ. ಮೇಣ ಇದ್ದರೆ ಮೇಲಿನ ಪೇಂಟ್ ಸರಿಯಾಗಿ ಹಿಡಿಯುವುದಿಲ್ಲ. ಅರ್ಧ ಲೀಟರ್ ಮೆಥಿಲೇಟೆಡ್ ಸ್ಪಿರಿಟ್‌ಗೆ 120 ಗ್ರಾಂ ಚಕ್ಕೆ ಹಾಕಿ, ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಹಳೇ ಪೇಂಟನ್ನು 120 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಮರ ಕಾಣುವಷ್ಟು ಉಜ್ಜಿ, ಧೂಳು ಒರೆಸಿ. ಸೋಸಿದ ಅರಗನ್ನು ತೆಳುವಾಗಿ ಎರಡು ಕೋಟ್ ಹೊಡೆಯಿರಿ, ನಡುವೆ ಒಂದು ಗಂಟೆ ಬಿಡುವು. ಮರುದಿನ 320ರಲ್ಲಿ ಹಗುರವಾಗಿ ಉಜ್ಜಿ, ಆಯಿಲ್ ಪ್ರೈಮರ್, ಆಮೇಲೆ ಎನಾಮಲ್.

ಕೊಡಗಿನ ಮಳೆಗಾಲದಲ್ಲಿ ಮಾತ್ರ ಬೇಡ. ತೇವಕ್ಕೆ ಅರಗು ಬೆಳ್ಳಗಾಗುತ್ತದೆ. ಫೆಬ್ರವರಿಯ ಒಣ ಮಧ್ಯಾಹ್ನವೇ ಸರಿ.