ಹಾಕರ್ ಹರಿಕೇನ್ ಅನ್ನು ಕಾಕ್‌ಪಿಟ್‌ನಿಂದ ಕಟ್ಟುತ್ತಾ ಹೋದದ್ದು: ನನ್ನ ಅನುಭವ

ಎರಡನೇ ಮಹಾಯುದ್ಧದ ಫೈಟರ್ ವಿಮಾನ ಅಂದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಹೆಸರು ಸ್ಪಿಟ್‌ಫೈರ್. ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಹಾರಿಸುವ ಮಾಡೆಲ್ ಕಟ್ಟಲು ನಾನು ಆರಿಸಿಕೊಂಡದ್ದು ಹಾಕರ್ ಹರಿಕೇನ್ ಮಾರ್ಕ್ 1. 1940ರ ಬ್ರಿಟನ್ ಕಾಳಗದಲ್ಲಿ ಸ್ಪಿಟ್‌ಫೈರ್‌ಗಳಿಗಿಂತ ಜಾಸ್ತಿ ಸಂಖ್ಯೆಯಲ್ಲಿ ಇದ್ದದ್ದು ಹರಿಕೇನ್‌ಗಳೇ. ಅವುಗಳಲ್ಲೂ ಒಂದೇ ಒಂದು ವಿಮಾನವನ್ನು ಹಿಡಿದುಕೊಂಡೆ. ಅದರ ನಂಬರು ಆರ್ 4118.

ಈ ವಿಮಾನದ ಕಥೆ ನನಗೆ ತುಂಬಾ ಇಷ್ಟ. ಬ್ರಿಟಿಷ್ ವಾಯುಪಡೆಯ 605ನೇ ಸ್ಕ್ವಾಡ್ರನ್‌ನಲ್ಲಿ ಯುಪಿ-ಡಬ್ಲ್ಯು ಎಂಬ ಗುರುತು ಹೊತ್ತು ಕಾಳಗದಲ್ಲಿ ಹಾರಿತು. ಮುಂದೆ ಭಾರತಕ್ಕೆ ಬಂತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಲಿಕೆಗೆ ಹೋಯಿತು. ಎಷ್ಟೋ ವರ್ಷ ಅಲ್ಲೇ ಬಿಸಿಲು ಮಳೆಯಲ್ಲಿ ನಿಂತಿತ್ತು. 2001ರಲ್ಲಿ ಹಳೇ ವಿಮಾನಗಳ ಪ್ರೇಮಿ ಪೀಟರ್ ವಾಚರ್ ಅದನ್ನು ಇಂಗ್ಲೆಂಡಿಗೆ ಕೊಂಡೊಯ್ದು ದುರಸ್ತಿ ಮಾಡಿಸಿದರು. 2004ರ ಡಿಸೆಂಬರ್‌ನಲ್ಲಿ ಅದು ಮತ್ತೆ ಆಕಾಶಕ್ಕೇರಿತು. ಹೀಗಾಗಿ ಅದರ ಹತ್ತಿರದ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಮಾಡೆಲ್ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಸಿಮ್ಯುಲೇಟರ್ ಫ್ಲೈಟ್‌ಗೇರ್. ಆಕಾರ ಕಟ್ಟಿದ್ದು ಬ್ಲೆಂಡರ್‌ನಲ್ಲಿ, ಬಣ್ಣ ಗಿಂಪ್‌ನಲ್ಲಿ, ಹಾರಾಟದ ಲೆಕ್ಕ ಜೆಎಸ್‌ಬಿಸಿಮ್‌ನಲ್ಲಿ. ಇವೆಲ್ಲ ಉಚಿತ. ಒಳಗೆ ಏನು ನಡೆಯುತ್ತಿದೆ ಅಂತ ತೆರೆದು ನೋಡಬಹುದು ಅನ್ನುವುದು ನನಗೆ ಅದಕ್ಕಿಂತ ಮುಖ್ಯ.

ಸಾಮಾನ್ಯವಾಗಿ ಮೊದಲು ಹೊರಮೈ ಕಟ್ಟಿ, ಕೊನೆಗೆ ಕಾಕ್‌ಪಿಟ್‌ಗೆ ಬರುತ್ತಾರೆ. ನಾನು ತಿರುಗಾಮುರುಗಾ ಮಾಡಿದೆ. ಸಿಮ್ಯುಲೇಟರ್‌ನಲ್ಲಿ ಹಾರಿಸುವವರು ಮುಕ್ಕಾಲು ಪಾಲು ಹೊತ್ತು ಒಳಗೇ ಕೂತಿರುತ್ತಾರೆ ಅಲ್ವಾ? ಪೈಲಟ್‌ನ ಕೈ ಎಲ್ಲಿಗೆ ಹೋಗುತ್ತದೆ, ಕಣ್ಣು ಎಲ್ಲಿ ನಿಲ್ಲುತ್ತದೆ, ಅಲ್ಲಿ ವಿವರ ಬೇಕು. ಉಳಿದದ್ದು ಆಮೇಲೆ. ಕೊನೆಯವರೆಗೂ ಇದೇ ಅಳತೆಗೋಲು ಇಟ್ಟುಕೊಂಡೆ.

ಅದಕ್ಕೆ ಮುಂಚೆ ಅಳತೆಗಳ ಮಾತು. ಸಿಗುವ ಮೂರು ಕಡೆಯ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಮೂಗು ಉದ್ದ, ಇನ್ನೊಂದರಲ್ಲಿ ಬಾಲ ದಪ್ಪ. ಎಲ್ಲವನ್ನೂ ಬ್ಲೆಂಡರ್‌ಗೆ ಹಾಕಿ, ರೆಕ್ಕೆಯ ತುದಿಯಿಂದ ತುದಿಗೆ 12.19 ಮೀಟರ್, ಅಂದರೆ ಸರಿಯಾಗಿ 40 ಅಡಿ ಬರುವ ಹಾಗೆ ಹಿಗ್ಗಿಸಿದೆ. ಆಮೇಲೆ ದೂರದಿಂದ, ಉದ್ದ ಲೆನ್ಸಿನಲ್ಲಿ ತೆಗೆದ ಪಕ್ಕದ ಫೋಟೋಗಳ ಜೊತೆ ಹೋಲಿಸಿದೆ. ಹತ್ತಿರದಿಂದ ತೆಗೆದ ಫೋಟೋ ಅಳತೆಗೆ ಬರುವುದಿಲ್ಲ, ಅದರಲ್ಲಿ ಹತ್ತಿರದ ಭಾಗ ಯಾವಾಗಲೂ ಉಬ್ಬಿಕೊಂಡೇ ಕಾಣುತ್ತದೆ. ವಿವರ ನೋಡುವುದಕ್ಕೆ ಮಾತ್ರ ಅದು. ಇನ್ನೊಂದು ವಿಷಯ: ಜೆಎಸ್‌ಬಿಸಿಮ್ ಜಾಗಗಳನ್ನು ಇಂಚಿನಲ್ಲಿ ಕೇಳುತ್ತದೆ, ಮಾಡೆಲ್ ಮೀಟರಿನಲ್ಲಿರುತ್ತದೆ. ಎರಡಕ್ಕೂ ಮೂಗಿನ ತುದಿಯನ್ನೇ ಸೊನ್ನೆ ಅಂತ ಇಟ್ಟುಕೊಂಡೆ. ಹಾಗೆ ಮಾಡಿದರೆ ಚಕ್ರ, ಟ್ಯಾಂಕು, ಪೈಲಟ್‌ನ ಕಣ್ಣು ಎಲ್ಲದಕ್ಕೂ ಒಂದೇ ಗುಣಾಕಾರ ಸಾಕು.

ಹರಿಕೇನ್‌ನ ಕಾಕ್‌ಪಿಟ್‌ಗೆ ನೆಲವೇ ಇಲ್ಲ. ಮೊದಲ ಸಲ ನೋಡಿದವರಿಗೆ ನಂಬುವುದು ಕಷ್ಟ. ಕಾಲಿಡಲು ಎರಡು ಕಿರಿದಾದ ತಗಡಿನ ಪಟ್ಟಿಗಳಿವೆ. ಅವುಗಳ ಆಚೆ ಉಕ್ಕಿನ ಕೊಳವೆಗಳು, ತಂತಿಗಳು, ಪೈಪುಗಳು, ಕೆಳಗೆ ಕತ್ತಲು. ಪೈಲಟ್ ಕೈಯಿಂದ ಪೆನ್ಸಿಲ್ ಜಾರಿದರೆ ವಿಮಾನದ ಹೊಟ್ಟೆ ಸೇರುತ್ತಿತ್ತು. ಆ ಕತ್ತಲನ್ನು ಸುಮ್ನೆ ಕಪ್ಪು ಬಣ್ಣ ಬಳಿದು ಮುಗಿಸುವುದು ನನಗೆ ಸರಿ ಕಾಣಲಿಲ್ಲ. ಕೊಳವೆಗಳ ಚೌಕಟ್ಟನ್ನು ಪೂರ್ತಿ ಕಟ್ಟಿದೆ. ತಲೆ ಬಗ್ಗಿಸಿದಾಗ ಕಾಣುವ ಆಳದಿಂದಲೇ ಇದೊಂದು ಹಳೇ ಕಾಲದ ಯಂತ್ರ ಅನ್ನುವುದು ಗೊತ್ತಾಗುತ್ತದೆ.

ಒಳಗಿನ ವಿವರಕ್ಕೆ ನಾನು ನಂಬಿದ್ದು ಆ ಕಾಲದ ಪೈಲಟ್ ಕೈಪಿಡಿಯನ್ನು, ಎ.ಪಿ. 1564 ಎಂಬ ಸಂಖ್ಯೆಯದ್ದು. ಈಗ ಹಾರುತ್ತಿರುವ ಹಳೇ ವಿಮಾನಗಳಲ್ಲಿ ಇವತ್ತಿನ ನಿಯಮಕ್ಕೆ ಬೇಕಾದ ಹೊಸ ರೇಡಿಯೋ, ಹೊಸ ಸ್ವಿಚ್ಚುಗಳು ಸೇರಿಕೊಂಡಿರುತ್ತವೆ. ಫೋಟೋ ನೋಡಿ ಅವನ್ನೂ 1940ರ ಮಾಡೆಲ್‌ಗೆ ತುಂಬಿದರೆ ತಪ್ಪಾಗುತ್ತದೆ. ನಡುವಿನ ಆರು ಸೂಚಕಗಳ ಫಲಕ ಮಾತ್ರ ಬ್ರಿಟಿಷ್ ವಿಮಾನಗಳಲ್ಲೆಲ್ಲ ಒಂದೇ ಜೋಡಣೆಯದ್ದು. ಮೇಲೆ ವೇಗ, ಕೃತಕ ದಿಗಂತ, ಏರುವ ವೇಗ. ಕೆಳಗೆ ಎತ್ತರ, ದಿಕ್ಕಿನ ಗೈರೋ, ತಿರುವಿನ ಸೂಚಿ. ಪ್ರತಿ ಮುಳ್ಳನ್ನೂ ಬೇರೆ ಬೇರೆ ತುಂಡಾಗಿ ಕಟ್ಟಿದೆ, ಗಾಜನ್ನು ಕೊಂಚ ಮುಂದೆ ಇಟ್ಟೆ. ತಲೆ ಅಲ್ಲಾಡಿಸಿದಾಗ ಮುಳ್ಳು ಮತ್ತು ಅಂಕಿಗಳ ನಡುವೆ ಅಂತರ ಕಾಣಬೇಕು. ಚಿತ್ರ ಅಂಟಿಸಿದರೆ ಅದು ಬರುವುದಿಲ್ಲ.

ಅತಿ ಹೆಚ್ಚು ಹೊತ್ತು ಹಿಡಿದದ್ದು ಬಲಗಡೆಯ ಒಂದು ಲಿವರ್. ಎಚ್ ಅಕ್ಷರದ ಆಕಾರದ ಸೀಳಿನಲ್ಲಿ ಅದು ಓಡಾಡುತ್ತದೆ. ಚಕ್ರ ಮೇಲೆ ಕೆಳಗೆ, ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂದೆ ಬಾಗುವ ಹಲಗೆ) ಮೇಲೆ ಕೆಳಗೆ, ಎಲ್ಲಕ್ಕೂ ಇದೊಂದೇ. ಫ್ಲೈಟ್‌ಗೇರ್‌ನಲ್ಲಿ ಕೀಬೋರ್ಡಿನ ಮೇಲೆ ಚಕ್ರಕ್ಕೊಂದು ಕೀಲಿ, ಫ್ಲ್ಯಾಪ್‌ಗೊಂದು ಕೀಲಿ ಮೊದಲೇ ಇವೆ. ಅವನ್ನು ಹಾಗೇ ಬಿಟ್ಟರೆ ಕೆಲಸ ಸುಲಭ, ಆದರೆ ಹರಿಕೇನ್ ಕಳೆದುಹೋಗುತ್ತದೆ. ಆದ್ದರಿಂದ ಫ್ಲೈಟ್‌ಗೇರ್‌ನದೇ ಸ್ಕ್ರಿಪ್ಟ್ ಭಾಷೆಯಾದ ನ್ಯಾಸಲ್‌ನಲ್ಲಿ ಸಣ್ಣದೊಂದು ಸ್ಕ್ರಿಪ್ಟ್ ಬರೆದೆ. ಲಿವರ್ ನಡುವಿಗೆ ಬರದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಹಾಗಿಲ್ಲ. ಚಕ್ರವೂ ಫ್ಲ್ಯಾಪೂ ಒಟ್ಟಿಗೆ ಚಲಿಸುವ ಹಾಗಿಲ್ಲ. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಹೈಡ್ರಾಲಿಕ್ ಒತ್ತಡ ಇರುತ್ತದೆ, ಇಲ್ಲದಿದ್ದರೆ ಕೈಪಂಪ್ ಹೊಡೆಯಬೇಕು. ಟೇಕಾಫ್ ಆದ ಕೂಡಲೇ ಎಡಗೈಯನ್ನು ಎಂಜಿನ್‌ನ ಥ್ರಾಟಲ್‌ನಿಂದ ವಿಮಾನ ನಡೆಸುವ ಸ್ಟಿಕ್‌ಗೆ ತಂದು, ಬಲಗೈಯಿಂದ ಈ ಲಿವರ್ ಎಳೆಯಬೇಕಾದ ಕಷ್ಟ ಆಗಿನ ಪೈಲಟ್‌ಗಳಿಗಿತ್ತು. ಮೌಸ್ ಹಿಡಿದವರಿಗೂ ಅದರ ಒಂದು ಪಾಲು ತಟ್ಟುತ್ತದೆ.

ಹೊರಮೈಗೆ ಬಂದಾಗ ಬಟ್ಟೆಯೇ ದೊಡ್ಡ ವಿಷಯ. ಹರಿಕೇನ್‌ನ ಮುಂಭಾಗ ಲೋಹದ ಹಾಳೆ. ಕಾಕ್‌ಪಿಟ್‌ನಿಂದ ಹಿಂದಕ್ಕೆ ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಪಟ್ಟಿಗಳು, ಅದರ ಮೇಲೆ ಬಿಗಿದು ಡೋಪ್ ಎಂಬ ವಾರ್ನಿಶ್ ಬಳಿದ ಲಿನನ್ ಬಟ್ಟೆ. ಪಟ್ಟಿ ಇದ್ದಲ್ಲಿ ಏಣು, ನಡುವೆ ತುಸು ತಗ್ಗು. ಇದನ್ನೆಲ್ಲ ನಾರ್ಮಲ್ ಮ್ಯಾಪ್‌ನಲ್ಲೇ, ಅಂದರೆ ಆಕಾರ ಮುಟ್ಟದೆ ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರದಲ್ಲೇ, ತೋರಿಸಬಹುದು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾರ್ಮಲ್ ಮ್ಯಾಪ್ ಬೆಳಕನ್ನಷ್ಟೇ ಬದಲಿಸುತ್ತದೆ, ಅಂಚಿನ ಗೆರೆಯನ್ನಲ್ಲ. ಆಕಾಶದ ಎದುರು ಬೆನ್ನಿನ ಅಂಚು ನಯವಾದ ಕೊಳವೆಯಂತೆ ಕಂಡರೆ ಅದು ಹರಿಕೇನ್ ಅಲ್ಲ. ಅದಕ್ಕೆ ಪ್ರತಿ ಪಟ್ಟಿಯ ಜಾಗದಲ್ಲೂ ನಿಜವಾದ ಅಂಚು ಕೊಟ್ಟೆ. ನಡುವಿನ ತಗ್ಗು, ಹೊಲಿಗೆಯ ಮೇಲಿನ ಟೇಪು, ನೇಯ್ಗೆ ಮಾತ್ರ ನಾರ್ಮಲ್ ಮ್ಯಾಪ್‌ಗೆ ಹೋದವು. ಬಾಲದ ರೆಕ್ಕೆಗೂ, ವಿಮಾನವನ್ನು ತಿರುಗಿಸುವ ರಡರ್, ಎಲಿವೇಟರ್, ಏಲೆರಾನ್ ಎಂಬ ಹಲಗೆಗಳಿಗೂ ಬಟ್ಟೆಯೇ. ದೊಡ್ಡ ರೆಕ್ಕೆಗಳು ಮೊದಮೊದಲ ಹರಿಕೇನ್‌ಗಳಲ್ಲಿ ಬಟ್ಟೆಯವು, ಈ ವಿಮಾನದ ಹೊತ್ತಿಗೆ ಲೋಹದವು.

ಬಣ್ಣದಲ್ಲೂ ಈ ಭೇದ ಉಳಿಯಬೇಕು. ಲೋಹದ ಮೇಲಿನ ಬಣ್ಣ ಕಾಲು ಇಟ್ಟಲ್ಲಿ, ಸ್ಕ್ರೂ ಬಿಚ್ಚುವಲ್ಲಿ ಕಿತ್ತು ಬೆಳ್ಳಗೆ ಹೊಳೆಯುತ್ತದೆ. ಬಟ್ಟೆಯ ಮೇಲೆ ಹಾಗಾಗುವುದಿಲ್ಲ, ಅದು ಕೊಳೆಯಾಗುತ್ತದೆ ಅಷ್ಟೆ. ಎಷ್ಟೋ ಮಾಡೆಲ್‌ಗಳಲ್ಲಿ ಬಟ್ಟೆಯ ಮೇಲೂ ಬೆಳ್ಳಿ ಗೀರುಗಳನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಮೇಲೆ ಕಡು ಮಣ್ಣು ಬಣ್ಣ, ಕಡು ಹಸಿರು. ಕೆಳಗೆ ಸ್ಕೈ ಎನ್ನುವ ತಿಳಿ ಹಸಿರು ಬೆರೆತ ಬಣ್ಣ. ಎಕ್ಸಾಸ್ಟ್‌ನ ಮಸಿಯನ್ನು ಗಾಳಿ ಹರಿಯುವ ದಿಕ್ಕಿಗೆ ಎಳೆದೆ. ಅಷ್ಟಕ್ಕೇ ನಿಲ್ಲಿಸಿದೆ, ಯಾಕೆಂದರೆ 1940ರಲ್ಲಿ ಇದು ಹೊಸ ವಿಮಾನ.

ಚಕ್ರ ಮಡಚುವ ಅನಿಮೇಶನ್ ಬಗ್ಗೆ ಒಂದು ಮಾತು. ಕಾಲುಗಳು ಒಳಮುಖವಾಗಿ ಮಡಚುತ್ತವೆ, ಜೊತೆಗೆ ಕೊಂಚ ಹಿಂದಕ್ಕೂ ಹೋಗುತ್ತವೆ. ಅಂದರೆ ತಿರುಗುವ ಅಕ್ಷ ವಿಮಾನದ ಉದ್ದಕ್ಕೆ ನೇರವಾಗಿಲ್ಲ, ಓರೆಯಾಗಿದೆ. ಫ್ಲೈಟ್‌ಗೇರ್‌ನಲ್ಲಿ ಅಕ್ಷವನ್ನು ಎರಡು ಬಿಂದುಗಳಿಂದ ಹೇಳಬಹುದು. ಕೀಲಿನ ಎರಡು ತುದಿಗಳನ್ನು ಬ್ಲೆಂಡರ್‌ನಲ್ಲಿ ಗುರುತು ಮಾಡಿ ಆ ಅಂಕಿಗಳನ್ನೇ ಕೊಟ್ಟರೆ, ಚಕ್ರ ತನ್ನ ಗೂಡಿನಲ್ಲಿ ಹೋಗಿ ಕೂರುತ್ತದೆ.

ಇನ್ನು ಹಾರಾಟ. ಮರ್ಲಿನ್ 3 ಎಂಜಿನ್ 27 ಲೀಟರ್‌ನದ್ದು, 12 ಸಿಲಿಂಡರ್, ನಿಮಿಷಕ್ಕೆ 3000 ಸುತ್ತಿನಲ್ಲಿ 1030 ಕುದುರೆಶಕ್ತಿ. ಈ ಅಂಕಿ ನೆಲಮಟ್ಟದ್ದಲ್ಲ, ಸುಮಾರು 16,000 ಅಡಿ ಎತ್ತರದ್ದು. ಅದಕ್ಕಿಂತ ಕೆಳಗೆ, ಗಾಳಿಯನ್ನು ಒತ್ತಿ ಕಳಿಸುವ ಸೂಪರ್‌ಚಾರ್ಜರ್ ಎಂಜಿನ್‌ಗೆ ತಡೆಯಲಾರದಷ್ಟು ಗಾಳಿ ತುಂಬುತ್ತದೆ. ಹಾಗಾಗಿ ಬೂಸ್ಟ್ ನಿಯಂತ್ರಕ ತಾನಾಗಿ ಥ್ರಾಟಲ್ ಮುಚ್ಚಿ ಆ ಒತ್ತಡವನ್ನು (ಅದೇ ಬೂಸ್ಟ್) ಚದರ ಇಂಚಿಗೆ +6¼ ಪೌಂಡಿನಲ್ಲಿ ಹಿಡಿಯುತ್ತದೆ. ಜೆಎಸ್‌ಬಿಸಿಮ್‌ನ ಪಿಸ್ಟನ್ ಎಂಜಿನ್‌ಗೆ ಬೂಸ್ಟ್, ಶಕ್ತಿ, ಸುತ್ತು, ಎತ್ತರ ನಾಲ್ಕನ್ನೂ ಕೊಟ್ಟರೆ ಇದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಪರೀಕ್ಷೆಗೆ ವಿಮಾನವನ್ನು ಬೇರೆ ಬೇರೆ ಎತ್ತರದಲ್ಲಿ ಪೂರ್ತಿ ಶಕ್ತಿಯಲ್ಲಿ ಓಡಿಸಿ ವೇಗ ಬರೆದುಕೊಂಡೆ. ಗೆರೆ ಎಳೆದರೆ ವೇಗ ಏರುತ್ತಾ ಹೋಗಿ, ಆ 16,000 ಅಡಿಯ ಆಸುಪಾಸಿನಲ್ಲಿ ತಿರುಗಿ ಇಳಿಯಬೇಕು. ಗರಿಷ್ಠ ವೇಗದ ಒಂದು ಅಂಕಿ ಸರಿಬಂದರೆ ಸಾಲದು, ಗೆರೆಯ ಆಕಾರ ಸರಿಬರಬೇಕು. 100 ಆಕ್ಟೇನ್ ಪೆಟ್ರೋಲ್ ಬಂದ ಮೇಲೆ ತುರ್ತಿಗೆ +12 ಪೌಂಡಿನವರೆಗೆ ಹೋಗಬಹುದಿತ್ತು. ಅದಕ್ಕೆ ನಿಯಂತ್ರಕವನ್ನು ಬದಿಗಿಡುವ ಬೂಸ್ಟ್ ಕಟೌಟ್ ಗುಂಡಿಯನ್ನೂ ಜೋಡಿಸಿದೆ.

ಪ್ರೊಪೆಲ್ಲರ್ ಪೈಲಟ್‌ನ ಕಡೆಯಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ. ಅದಕ್ಕೇ ಟೇಕಾಫ್‌ನಲ್ಲಿ ಮೂಗು ಎಡಕ್ಕೆ ಎಳೆಯುತ್ತದೆ. ಟಾರ್ಕ್ (ಪ್ರೊಪೆಲ್ಲರ್ ತಿರುಗುವುದಕ್ಕೆ ಎದುರಾಗಿ ವಿಮಾನ ವಾಲುವುದು) ಮತ್ತು ಪಿ-ಫ್ಯಾಕ್ಟರ್ (ಮೂಗು ಎತ್ತಿದಾಗ ಪ್ರೊಪೆಲ್ಲರ್‌ನ ಒಂದು ಬದಿ ಹೆಚ್ಚು ಎಳೆಯುವುದು) ಜೆಎಸ್‌ಬಿಸಿಮ್‌ನಲ್ಲೇ ಸಿಗುತ್ತವೆ. ಸುರುಳಿ ಸುತ್ತಿ ಬಂದು ಬಾಲಕ್ಕೆ ಬಡಿಯುವ ಗಾಳಿಯನ್ನು ಮಾತ್ರ ನಾವೇ ಬರೆಯಬೇಕು. ಎಂಜಿನ್ ಎಳೆತ ಹೆಚ್ಚಿದಷ್ಟೂ ಹೆಚ್ಚುವ, ವೇಗ ಏರಿದ ಹಾಗೆ ಕುಗ್ಗುವ ಒಂದು ತಿರುಚುಬಲ ಸೇರಿಸಿದೆ.

ನಾನು ಬಹಳ ಅಕ್ಕರೆಯಿಂದ ಮಾಡಿದ ಭಾಗ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್. ಮರ್ಲಿನ್‌ನಲ್ಲಿ ತೇಲುಗುಂಡಿನ ಕಾರ್ಬ್ಯುರೇಟರ್ ಇತ್ತು. ಮೂಗನ್ನು ಫಕ್ಕನೆ ಕೆಳಗೆ ತಳ್ಳಿದರೆ ಪೆಟ್ರೋಲ್ ಮೇಲಕ್ಕೆ ಹಾರಿ ಎಂಜಿನ್ ಮೊದಲು ಬರಿದಾಗಿ ಕೆಮ್ಮುತ್ತದೆ, ತಳ್ಳುತ್ತಲೇ ಇದ್ದರೆ ಅತಿಯಾಗಿ ತುಂಬಿ ನಿಲ್ಲುತ್ತದೆ. ಜರ್ಮನ್ ಮೆಸ್ಸರ್‌ಶ್ಮಿಟ್ 109ರಲ್ಲಿ ಇಂಧನವನ್ನು ನೇರವಾಗಿ ಚಿಮ್ಮಿಸುತ್ತಿದ್ದರು, ಅದಕ್ಕೆ ಈ ತೊಂದರೆ ಇರಲಿಲ್ಲ. ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಈ ತೊಂದರೆ ತಗ್ಗಿಸಲು ರೂಪಿಸಿದ ತೂತಿನ ಬಿಲ್ಲೆ ವಿಮಾನಗಳಿಗೆ ಬಂದದ್ದು 1941ರಲ್ಲಿ. ನನ್ನದು 1940ರ ವಿಮಾನ, ಅದರಲ್ಲಿ ಆ ಬಿಲ್ಲೆ ಇಲ್ಲ. ಹಾಗಾಗಿ ಜಿ ಬಲ (ಪೈಲಟ್‌ಗೆ ಅನಿಸುವ ಭಾರ) ಸೊನ್ನೆಯ ಹತ್ತಿರ ಬಂದಾಗ ಮಿಶ್ರಣ ತೆಳುವಾಗುವಂತೆ, ಅದರ ಕೆಳಗೆ ಉಳಿದಷ್ಟು ಹೊತ್ತೂ ಗಟ್ಟಿಯಾಗುತ್ತಾ ಹೋಗುವಂತೆ ಎರಡು ಹಂತ ಇಟ್ಟೆ. ಮೂಗು ತಳ್ಳುವ ಬದಲು ವಿಮಾನವನ್ನು ಮಗುಚಿ ಸ್ಟಿಕ್ ಎಳೆದು ಕೆಳಗಿಳಿಯುವ ಅಂದಿನ ಅಭ್ಯಾಸ ಹಾರಿಸುವವರಿಗೆ ತಾನಾಗೇ ಬರುತ್ತದೆ.

ಇಂಧನ ರೆಕ್ಕೆಗಳ ಎರಡು ಟ್ಯಾಂಕುಗಳಲ್ಲಿ, ಜೊತೆಗೆ ಪೈಲಟ್‌ನ ಎದುರಿಗೇ ಇರುವ 28 ಗ್ಯಾಲನ್‌ನ ರಿಸರ್ವ್ ಟ್ಯಾಂಕಿನಲ್ಲಿ. ಆ ಟ್ಯಾಂಕಿಗೆ ಬೆಂಕಿ ಬಿದ್ದು ಎಷ್ಟೋ ಪೈಲಟ್‌ಗಳು ಸುಟ್ಟುಕೊಂಡರು. ಸಿಮ್ಯುಲೇಟರ್‌ನಲ್ಲಿ ಟ್ಯಾಂಕ್ ಬದಲಿಸುವುದನ್ನು ಕಂಪ್ಯೂಟರ್‌ಗೆ ಬಿಡಲಿಲ್ಲ. ರೆಕ್ಕೆಯ ಟ್ಯಾಂಕುಗಳು ಮುಗಿಯುವ ಮುಂಚೆ ನೆನಪಿಟ್ಟು ಕೈಯಿಂದಲೇ ತಿರುಗಿಸಬೇಕು.

ಕೊನೆಯಲ್ಲಿ ಕಂಪ್ಯೂಟರ್ ಮೇಲಿನ ಹೊರೆ ಇಳಿಸುವ ಕೆಲಸ. ದೂರದಿಂದ ನೋಡುವಾಗ ಕಾಕ್‌ಪಿಟ್‌ನ ಕೊಳವೆಗಳು, ಸ್ವಿಚ್ಚುಗಳು ಮಾಯವಾಗುವ ಹಾಗೆ ದೂರಕ್ಕೆ ತಕ್ಕ ಮೂರು ಹಂತ ಮಾಡಿದೆ. ಬಟ್ಟೆಯ ಅಂಚುಗಳನ್ನು ಮಾತ್ರ ಎರಡನೇ ಹಂತದಲ್ಲೂ ಉಳಿಸಿಕೊಂಡೆ.

ಮುಂದೆ ಮಾರ್ಕ್ 2ಸಿ ಮಾಡುವ ಆಸೆ ಇದೆ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತದ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದೂ ಮಾರ್ಕ್ 2 ಹರಿಕೇನ್‌ಗಳನ್ನೇ. ಹೊಸ ಬಣ್ಣ ಬಳಿದರೆ ಆಗುವ ಕೆಲಸವಲ್ಲ ಅದು. ಮರ್ಲಿನ್ 20ರ ಸೂಪರ್‌ಚಾರ್ಜರ್‌ಗೆ ಎರಡು ಗೇರ್, ರೆಕ್ಕೆಯಲ್ಲಿ ನಾಲ್ಕು 20 ಮಿಲಿಮೀಟರ್ ತೋಪು, ಮೂಗು ಕೊಂಚ ಉದ್ದ. ಎಂಜಿನ್ ಫೈಲಿನಲ್ಲಿ ಎರಡನೇ ಬೂಸ್ಟ್ ಹಂತ ಬರೆಯಲು ಈಗಾಗಲೇ ಶುರುಮಾಡಿದ್ದೇನೆ.