ಪ್ರೆಸ್ಸಿನ ಮ್ಯಾಕ್ ಮಿನಿ ಮೇಲೆ ಪೋಸ್ಟ್‌ಗ್ರೆಸ್ ನಡೆಸಿದ್ದು

ಶಿವಮೊಗ್ಗದಲ್ಲಿ ನಮ್ಮ ಭಾವಂದು ಒಂದು ಆಫ್‌ಸೆಟ್ ಪ್ರೆಸ್ ಇದೆ. ಲಗ್ನಪತ್ರಿಕೆ ಮುಖ್ಯ ಕೆಲಸ, ಜೊತೆಗೆ ಬಿಲ್ ಬುಕ್ಕು, ಸೊಸೈಟಿಗಳ ವಾರ್ಷಿಕ ವರದಿ, ದೇವಸ್ಥಾನದ ರಶೀದಿ ಪುಸ್ತಕ ಇಂಥವು. ಆರ್ಡರು, ಅಡ್ವಾನ್ಸು, ಪೇಪರ್ ಸ್ಟಾಕು ಎಲ್ಲಾ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರಲ್ಲಿದೆ, ಅದು ಓಡೋದು ಒಂದು ಮ್ಯಾಕ್ ಮಿನಿ (ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್) ಮೇಲೆ, ನೋಡ್ಕೊಳೋದು ನಾನು. ಸರ್ವರಿಗೆ ಸಾಮಾನ್ಯವಾಗಿ ಬಳಸೋ ಲಿನಕ್ಸ್ ಓಎಸ್ ಯಾಕೆ ಹಾಕ್ಲಿಲ್ಲ ಅಂತ ಕೇಳ್ದೇ ಇರೋರು ಕಮ್ಮಿ. ಡಿಸೈನಿಂಗಿಗೆ ಅಂತ ಮ್ಯಾಕ್‌ಗಳು ಮೊದ್ಲಿಂದ ಇದ್ವು, ಅದರಲ್ಲಿ ಒಂದು ಮಿನಿ ಖಾಲಿ ಬಿದ್ದಿತ್ತು, ಭಾವ "ಇರೋದ್ರಲ್ಲೇ ಮಾಡು ಮಾರಾಯ, ಇನ್ನೊಂದು ಪೆಟ್ಟಿಗೆ ಬ್ಯಾಡ" ಅಂದ್ರು, ಅಲ್ಲಿಗೆ ಆಯ್ತು.

ಆಪಲ್‌ನವರೇ ಒಂದು ಕಾಲಕ್ಕೆ ಮ್ಯಾಕ್ ಓಎಸ್ ಎಕ್ಸ್ ಸರ್ವರ್ ಅಂತ ಬೇರೆಯಾಗೇ ಮಾರ್ತಿದ್ರು, ಅದರ ಜೊತೆ ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್ ಬರ್ತಿತ್ತು. 2011ರಲ್ಲಿ ಲಯನ್ ವರ್ಷನ್ ಬಂದಾಗ ಅದನ್ನ ತೆಗೆದು ಪೋಸ್ಟ್‌ಗ್ರೆಸ್ ಹಾಕಿದ್ರು, ಸರ್ವರ್ ಅನ್ನೋದು ಆಪ್ ಸ್ಟೋರಿಂದ ಇಳಿಸ್ಕೊಳೋ ಒಂದು ಆಪ್ ಆಗಿಹೋಯ್ತು, 2022ರ ಏಪ್ರಿಲಲ್ಲಿ ಅದನ್ನೂ ನಿಲ್ಲಿಸಿದ್ರು. ಈಗ ಉಳಿದಿರೋದು ಡೆಸ್ಕ್‌ಟಾಪ್ ಓಎಸ್ ಅಷ್ಟೇ. ಡೇಟಾಬೇಸ್ ನಡೆಸೋದಕ್ಕೆ ಏನೂ ತೊಂದ್ರೆ ಇಲ್ಲ, ಆದ್ರೆ ಎದುರಿಗೆ ಒಬ್ಬ ಮನುಷ್ಯ ಕೂತಿದಾನೆ ಅಂತ ಅಂದ್ಕೊಂಡೇ ಇದನ್ನ ಮಾಡಿದಾರೆ. ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಆ ಅಂದಾಜನ್ನ ಬಿಡಿಸೋದೇ.

ನಮ್ಮ ಕಡೆ ಮಳೆಗಾಲ ಹೆಂಗೆ ಅಂತ ಗೊತ್ತಲ್ಲ, ಕರೆಂಟ್ ಬರೋದು ಹೋಗೋದು ಹೇಳೋಕಾಗಲ್ಲ, ಮಳೆಗಾಲಕ್ಕಿಂತ ಏಪ್ರಿಲ್ ಮೇ ಗುಡುಗು ಸಿಡಿಲಿನ ಮಳೆ ಇನ್ನೂ ಕಷ್ಟ. ಮೊದಲು ಪವರ್ ಸೆಟ್ಟಿಂಗ್ ಬದಲಿಸೋ ಪಿಎಂಸೆಟ್ ಕಮಾಂಡಲ್ಲಿ ಸ್ಲೀಪನ್ನ ಸೊನ್ನೆ ಮಾಡ್ದೆ, ಅಂದ್ರೆ ಮಷೀನು ನಿದ್ದೆ ಹೋಗಬಾರದು, ಆಟೋರೀಸ್ಟಾರ್ಟನ್ನ ಒಂದು ಮಾಡ್ದೆ, ಅಂದ್ರೆ ಕರೆಂಟ್ ಹೋಗಿ ಬಂದ್ರೆ ತಾನೇ ಆನ್ ಆಗ್ಬೇಕು. ಯುಪಿಎಸ್‌ಗೆ ಯುಎಸ್‌ಬಿ ವೈರ್ ಕೊಟ್ರೆ ಮ್ಯಾಕ್ ಅದನ್ನ ಬ್ಯಾಟರಿ ಅಂತ ಗುರುತು ಹಿಡಿಯತ್ತೆ, ಚಾರ್ಜ್ ಇಷ್ಟಕ್ಕೆ ಇಳಿದ್ರೆ ಶಟ್‌ಡೌನ್ ಆಗು ಅಂತ ಹೇಳ್ಬಹುದು. ಇದರಲ್ಲಿ ಒಂದು ಸೂಕ್ಷ್ಮ ಇದೆ, ಸರಿಯಾಗಿ ಶಟ್‌ಡೌನ್ ಆದ ಮಷೀನು ಕರೆಂಟ್ ಬಂದ್ರೂ ಏಳಬಾರದು ಅಲ್ವಾ, ಯಾಕಂದ್ರೆ ಬೇಕು ಅಂತ್ಲೇ ಆಫ್ ಮಾಡಿದ ಲೆಕ್ಕ. ಅದಕ್ಕೆ ಯುಪಿಎಸ್ ಕಾರಣಕ್ಕೆ ಆಗೋ ಶಟ್‌ಡೌನಲ್ಲಿ ಮ್ಯಾಕ್ ಎಲ್ಲಾ ನಿಲ್ಲಿಸಿ ಪವರ್ ಮಾತ್ರ ತೆಗೀದೆ 5 ನಿಮಿಷ ಕಾಯತ್ತೆ, ಯುಪಿಎಸ್ಸೇ ಕತ್ತರಿಸ್ಲಿ, ಆಗ ಕರೆಂಟ್ ಹೋದ ಹಂಗೆ ಲೆಕ್ಕ ಆಗಿ ಆಮೇಲೆ ತಾನೇ ಏಳಬಹುದು ಅಂತ. ಹಂಗಾಗಿ ಬ್ಯಾಟರಿ ಪೂರ್ತಿ ಖಾಲಿ ಆಗೋ ತನಕ ಎಳೀಬಾರದು, ಆ ಕಾಯೋ ಹೊತ್ತನ್ನೂ ಸೇರ್ಸಿ ಮಿತಿ ಇಡ್ಬೇಕು.

ಎದ್ದ ಮೇಲೆ ಇನ್ನೊಂದು ಕಥೆ. ಡಿಸ್ಕಿಗೆ ಪಾಸ್‌ವರ್ಡ್ ಬೀಗ ಹಾಕೋ ಫೈಲ್‌ವಾಲ್ಟ್ ಆನ್ ಇದ್ರೆ ಮಷೀನು ಪಾಸ್‌ವರ್ಡ್ ಕೇಳ್ಕೊಂಡು ಅಲ್ಲೇ ನಿಂತಿರತ್ತೆ, ಬೆಳಿಗ್ಗೆ ಯಾರೋ ಬಂದು ಟೈಪ್ ಮಾಡೋ ತನಕ ಡೇಟಾಬೇಸ್ ಇಲ್ಲ. ನಾನು ಆಫ್ ಇಟ್ಟಿದೀನಿ. ಆಪಲ್ ಸಿಲಿಕಾನ್ ಮಷೀನಲ್ಲಿ ಒಳಗಿನ ಎಸ್‌ಎಸ್‌ಡಿ ಹೆಂಗೂ ಹಾರ್ಡ್‌ವೇರಲ್ಲೇ ಎನ್‌ಕ್ರಿಪ್ಟ್ ಆಗಿರತ್ತೆ, ಪಾಸ್‌ವರ್ಡ್ ತಡೆ ಒಂದು ಇರಲ್ಲ ಅಷ್ಟೇ, ಅದಕ್ಕೆ ಮಿನಿಯನ್ನ ಬೀಗ ಇರೋ ಒಳಕೋಣೆಗೆ ಸಾಗಿಸಿದ್ವಿ.

ಹೋಮ್‌ಬ್ರೂ ಅಂದ್ರೆ ಮ್ಯಾಕಿಗೆ ಕಮಾಂಡಲ್ಲೇ ಸಾಫ್ಟ್‌ವೇರ್ ಹಾಕೋ ಸಾಧನ. ಅದರಲ್ಲಿ ಪೋಸ್ಟ್‌ಗ್ರೆಸ್ ಹಾಕಿ ಬ್ರೂ ಸರ್ವೀಸಸ್ ಸ್ಟಾರ್ಟ್ ಅಂದ್ರೆ ಅದು ನಮ್ಮ ಯೂಸರಿನ ಲಾಂಚ್ ಏಜೆಂಟ್ಸ್ ಫೋಲ್ಡರಿಗೆ ಹೋಗತ್ತೆ. ಏಜೆಂಟ್ ಅಂದ್ರೆ ಲಾಗಿನ್ ಆದ ಮೇಲೆ ಓಡೋದು, ಡೀಮನ್ ಅಂದ್ರೆ ಬೂಟ್ ಆದ ತಕ್ಷಣ ಓಡೋದು. ಲಾಗಿನ್ ಆಗೋರೇ ಇಲ್ಲದ ಮಷೀನಿಗೆ ಏಜೆಂಟ್ ಯಾವ ಉಪಯೋಗಕ್ಕೆ! ಸುಡೋ ಹಾಕಿ, ಅಂದ್ರೆ ರೂಟ್ ಅನ್ನೋ ಎಲ್ಲಾ ಅಧಿಕಾರ ಇರೋ ಯೂಸರಾಗಿ, ಡೀಮನ್ ಮಾಡೋಣ ಅಂದ್ರೆ ಪೋಸ್ಟ್‌ಗ್ರೆಸ್ ರೂಟ್ ಆಗಿ ಓಡೋಕೆ ಒಪ್ಪಲ್ಲ. ಹಂಗಾಗಿ ಯಾವ ಪ್ರೋಗ್ರಾಮ್ ಹೆಂಗೆ ಓಡ್ಬೇಕು ಅಂತ ಹೇಳೋ ಪಿಲಿಸ್ಟ್ ಫೈಲನ್ನ ನಾನೇ ಬರ್ದು, ಯೂಸರ್‌ನೇಮ್ ಕೀಲಿ ಡೇಟಾಬೇಸಿಗೆ ಅಂತ ಇರೋ ಅಕೌಂಟ್ ಕೊಟ್ಟು, ನಿಂತ್ರೆ ಮತ್ತೆ ಶುರು ಮಾಡೋ ಕೀಪ್ ಅಲೈವ್ ಹಾಕಿ, ಸಿಸ್ಟಮ್ಮಿನ ಲಾಂಚ್ ಡೀಮನ್ಸ್ ಫೋಲ್ಡರಲ್ಲಿ ಇಟ್ಟೆ. ಫೈರ್‌ವಾಲ್ "ಒಳಗೆ ಬರೋ ಕನೆಕ್ಷನ್ ಬಿಡ್ಲಾ" ಅಂತ ಪರದೆ ಮೇಲೆ ಕೇಳತ್ತೆ, ಮಾನಿಟರ್ರೇ ಇಲ್ಲದ ಪೆಟ್ಟಿಗೆಲಿ ಯಾರನ್ನ ಕೇಳ್ತಿದೆಯೋ. ಅದನ್ನೂ ಕಮಾಂಡ್ ಲೈನಿಂದ್ಲೇ ಮೊದ್ಲೇ ಅನುಮತಿ ಕೊಟ್ಟು ಇಟ್ಟೆ, ಆಟೋಮ್ಯಾಟಿಕ್ ಅಪ್‌ಡೇಟ್ ಬಂದ್ ಮಾಡ್ದೆ.

ಡಿಸ್ಕಿಗೆ ಬರೆಯೋ ವಿಷಯ ಮ್ಯಾಕಲ್ಲಿ ಬೇರೆ ಥರ. ಇಲ್ಲಿ ಎಫ್‌ಸಿಂಕ್ (ಬರೆದಿದ್ದನ್ನ ಡಿಸ್ಕಿಗೆ ಕಳಿಸು ಅಂತ ಓಎಸ್‌ಗೆ ಹೇಳೋ ಕರೆ) ಅಂದ್ರೆ ಡೇಟಾ ಡ್ರೈವ್ ತನಕ ಹೋಯ್ತು ಅಂತ ಅಷ್ಟೇ, ಡ್ರೈವ್ ಒಳಗಿನ ಕ್ಯಾಶಿಂದ ಗಟ್ಟಿ ಜಾಗಕ್ಕೆ ಇಳೀತು ಅಂತಲ್ಲ, ಅದಕ್ಕೆ ಫುಲ್‌ಎಫ್‌ಸಿಂಕ್ ಅಂತ ಬೇರೆ ಕರೆ ಇದೆ. ಪೋಸ್ಟ್‌ಗ್ರೆಸ್ ಮ್ಯಾಕಲ್ಲಿ ತಾನಾಗೇ ಅದನ್ನ ಬಳಸಲ್ಲ, ವಾಲ್ ಸಿಂಕ್ ಮೆಥಡ್ ಅನ್ನೋ ಸೆಟ್ಟಿಂಗನ್ನ ಎಫ್‌ಸಿಂಕ್ ರೈಟ್‌ಥ್ರೂ ಅಂತ ನಾವೇ ಬದಲಾಯಿಸ್ಬೇಕು. ಕಮಿಟ್, ಅಂದ್ರೆ ಎಂಟ್ರಿ ಖಾಯಂ ಮಾಡೋದು, ನಿಧಾನ ಆಗತ್ತೆ, ಅದು ನಿಜ. ಆದ್ರೆ ಕೌಂಟರಲ್ಲಿ ಕೂತು ಅಡ್ವಾನ್ಸ್ ಎಂಟ್ರಿ ಮಾಡೋರಿಗೆ ಅದು ಗೊತ್ತೂ ಆಗಲ್ಲ, ಹಳೇ ಎಕ್ಸೆಲ್ ಶೀಟುಗಳನ್ನ ತುಂಬುವಾಗ ಮಾತ್ರ ಒಂದೊಂದೇ ಸಾಲು ಕಮಿಟ್ ಮಾಡ್ದೆ ಕಾಪಿ ಕಮಾಂಡಲ್ಲಿ ಒಂದೇ ಟ್ರಾನ್ಸಾಕ್ಷನ್ ಮಾಡಿದ್ರೆ ಆಯ್ತು. ನಮ್ಮೂರಿನ ಕರೆಂಟಿಗೆ ಇದು ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ.

ಇಷ್ಟೆಲ್ಲಾ ಆದ್ಮೇಲೆ ಭಾವ ಬಂದು "ಊರಿನ ಪಟ್ಟಿ ಯಾಕೋ ಸರಿ ಇಲ್ವಲ್ಲೋ, ಹೊಳೆಹೊನ್ನೂರು ಹೊಸನಗರಕ್ಕಿಂತ ಮುಂಚೆ ಹೆಂಗೆ ಬಂತು" ಅಂದ್ರು. ನೋಡಿದ್ರೆ ಕಳಸ ಕೂಡ ಕವಲೇದುರ್ಗಕ್ಕಿಂತ ಮುಂದೆ ಕೂತಿದೆ. ನಮ್ಮ ವರ್ಣಮಾಲೇಲಿ ಳ ಇರೋದು ಹ ಆದ್ಮೇಲೆ, ಅಕ್ಷರಕ್ಕೊಂದು ನಂಬರ್ ಕೊಡೋ ಯೂನಿಕೋಡಲ್ಲಿ ಳ ಇರೋದು ಲ ಪಕ್ಕದಲ್ಲಿ, ವ ಗಿಂತ ಮುಂಚೆ, ಇಸ್ಕಿ ಅನ್ನೋ ಹಳೇ ಭಾರತೀಯ ಅಕ್ಷರ ಸಂಕೇತದ ಕ್ರಮಾನೇ ಅಲ್ಲಿಗೂ ಬಂದಿರೋದು. ನಮ್ಮ ಡೇಟಾಬೇಸ್ ಸಿ ಲೊಕೇಲ್ ಅನ್ನೋ, ಯಾವ ಭಾಷೆಯ ನಿಯಮಾನೂ ನೋಡದ ಸೆಟ್ಟಿಂಗಲ್ಲಿ ಇತ್ತು, ಅದು ಬರೀ ನಂಬರ್ ನೋಡಿ ಜೋಡಿಸತ್ತೆ. ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಕೊಲೇಷನ್ (ಐಸಿಯು ಲೈಬ್ರರಿ ಕೊಡೋ, ಭಾಷೆಗೆ ತಕ್ಕ ಅಕ್ಷರ ಕ್ರಮ) ಇದೆ, 15ರಿಂದ ಇಡೀ ಡೇಟಾಬೇಸಿಗೇ ಅದನ್ನ ಕೊಡಬಹುದು, ಹಂಗಾಗಿ ಟೆಂಪ್ಲೇಟ್ ಜೀರೋ ಅನ್ನೋ ಖಾಲಿ ಅಚ್ಚಿಂದ ಕನ್ನಡ ಐಸಿಯು ಲೊಕೇಲ್ ಇಟ್ಟು ಹೊಸ ಡೇಟಾಬೇಸ್ ಮಾಡಿ ಹಳೇದರ ಡಂಪ್ (ಡೇಟಾದ ನಕಲು ಫೈಲು) ತುಂಬಿದೆ, ಹೊಸನಗರ ಮೇಲೆ ಹೋಯ್ತು, ಹೊಳೆಹೊನ್ನೂರು ಕೆಳಗೆ ಬಂತು.

ಆದ್ರೂ ಕೆಲವು ಹಳೇ ಆರ್ಡರಿಗೆ ಪಿಡಿಎಫ್ ಫೈಲ್ ಸಿಗ್ತಿರ್ಲಿಲ್ಲ. ಫೈಲಿನ ಹೆಸರಲ್ಲಿ ಹೊಸನಗರ ಅಂತಿದೆ, ಟೇಬಲಲ್ಲೂ ಹೊಸನಗರ ಅಂತಿದೆ, ಕಣ್ಣಿಗೆ ಎರಡೂ ಒಂದೇ, ಹೋಲಿಸಿದ್ರೆ ಬೇರೆ ಬೇರೆ ಅನ್ನತ್ತೆ. ಆ ಫೈಲ್‌ಗಳು ಎಚ್‌ಎಫ್‌ಎಸ್ ಪ್ಲಸ್ ಅನ್ನೋ ಆಪಲ್‌ನ ಹಳೇ ಫೈಲ್ ಸಿಸ್ಟಮ್ ಇದ್ದ ಡಿಸ್ಕಿಂದ ಬಂದಿದ್ವು, ಆ ಫೈಲ್ ಸಿಸ್ಟಮ್ಮು ಹೆಸರುಗಳನ್ನ ಬಿಡಿಸಿ ಇಡತ್ತೆ. ಹೊ ಅಕ್ಷರದ ಒತ್ವ ಒಂದೇ ಚಿಹ್ನೆಯಾಗಿ ಇರೋದಿಲ್ಲ, ಎತ್ವ ಒಂದು, ಊತ್ವ ಒಂದು ಆಗಿ ಎರಡು, ಓತ್ವ ಆದ್ರೆ ಮೂರು. ಪೋಸ್ಟ್‌ಗ್ರೆಸ್ 13ರಲ್ಲಿ ಬಂದ ನಾರ್ಮಲೈಸ್ ಫಂಕ್ಷನ್ ಹಾಕಿ ಒಳಗೆ ಬರೋ ಪ್ರತಿ ಹೆಸರನ್ನೂ ಕೂಡಿಸಿದ ರೂಪಕ್ಕೆ ತಂದೆ, ಬೇರೆ ರೂಪ ಒಳಗೆ ಬರದ ಹಾಗೆ ಟೇಬಲ್‌ಗೆ ಚೆಕ್ ಕನ್‌ಸ್ಟ್ರೈಂಟೂ ಕೊಟ್ಟೆ. ಕನ್ನಡ ಡೇಟಾ ಇಟ್ಕೊಂಡಿರೋರು ಇದನ್ನ ಮೊದಲ ದಿನವೇ ಮಾಡೋದು ಒಳ್ಳೇದು.

ಐಸಿಯು ತಗೊಂಡ ಮೇಲೆ ಒಂದು ಜವಾಬ್ದಾರಿ ಬರತ್ತೆ. ಹೋಮ್‌ಬ್ರೂ ಅಪ್‌ಗ್ರೇಡಲ್ಲಿ ಐಸಿಯು ಲೈಬ್ರರಿ ಬದಲಾದ್ರೆ ಅಕ್ಷರಗಳ ಕ್ರಮ ಚೂರು ಬದಲಾಗ್ಬಹುದು, ಹಳೇ ಕ್ರಮದಲ್ಲಿ ಕಟ್ಟಿದ ಇಂಡೆಕ್ಸು (ಬೇಗ ಹುಡುಕೋಕೆ ಇರೋ ಪಟ್ಟಿ), ಇದ್ದ ಸಾಲನ್ನೇ ಇಲ್ಲ ಅನ್ಬಹುದು. ಪೋಸ್ಟ್‌ಗ್ರೆಸ್ ಕೊಲೇಷನ್ ವರ್ಷನ್ ಹೊಂದ್ತಿಲ್ಲ ಅಂತ ವಾರ್ನಿಂಗ್ ಕೊಡತ್ತೆ, ಆಗ ಮೊದ್ಲು ರೀಇಂಡೆಕ್ಸ್ ಮಾಡಿ ಆಮೇಲೆ ರಿಫ್ರೆಶ್ ಕೊಲೇಷನ್ ವರ್ಷನ್ ಕೊಡ್ಬೇಕು, ತಿರುಗಾ ಮುರುಗಾ ಮಾಡಿದ್ರೆ ವಾರ್ನಿಂಗ್ ಹೋಗತ್ತೆ, ತೊಂದ್ರೆ ಅಲ್ಲೇ ಇರತ್ತೆ. ಅದಕ್ಕೆ ಈ ಮಷೀನಲ್ಲಿ ವರ್ಷ ಪೂರ್ತಿ ಬ್ರೂ ಅಪ್‌ಗ್ರೇಡ್ ಮುಟ್ಟೋ ಹಾಗಿಲ್ಲ, ಎಲ್ಲಾ ಆಷಾಢದಲ್ಲಿ. ಮದುವೆ ಇಲ್ಲ, ಪತ್ರಿಕೆ ಆರ್ಡರ್ ಇಲ್ಲ, ಹೊರಗೆ ಮಳೆ, ಯಾರೂ ಅವಸರ ಮಾಡಲ್ಲ.

ಬ್ಯಾಕಪ್ಪಿಗೆ ಮ್ಯಾಕಲ್ಲೇ ಬರೋ ಟೈಮ್ ಮಷೀನ್ ಇದ್ಯಲ್ಲ ಅಂತ ಬಿಟ್ಟಿಲ್ಲ. ಡೇಟಾ ಡೈರೆಕ್ಟರಿಯನ್ನ ಟೈಮ್ ಮಷೀನಿಂದ ಹೊರಗಿಟ್ಟು, ರಾತ್ರಿ ಪಿಜಿ ಡಂಪ್ ಕಮಾಂಡಲ್ಲಿ ಡಂಪ್ ತೆಗೆದು ಆ ಫೈಲನ್ನ ಮಾತ್ರ ಅದಕ್ಕೆ ಕೊಡ್ತೀನಿ. ರೋಲ್‌ಗಳು (ಡೇಟಾಬೇಸಿನ ಯೂಸರ್‌ಗಳು) ಪಿಜಿ ಡಂಪಲ್ಲಿ ಬರಲ್ಲ, ಪಿಜಿ ಡಂಪ್‌ಆಲ್‌ನ ಗ್ಲೋಬಲ್ಸ್ ಓನ್ಲಿ ಜೊತೆಗೆ ಬೇಕು. ಎಕ್ಸ್‌ಟರ್ನಲ್ ಡಿಸ್ಕಿಗೆ ಬರೆಯೋ ಸ್ಕ್ರಿಪ್ಟಿಗೆ ಪ್ರೈವಸಿ ಸೆಟ್ಟಿಂಗಲ್ಲಿ ಫುಲ್ ಡಿಸ್ಕ್ ಆಕ್ಸೆಸ್ ಕೊಡ್ದೆ ಇದ್ರೆ ಆಪರೇಷನ್ ನಾಟ್ ಪರ್ಮಿಟೆಡ್ ಅಂತ ನಿಲ್ಲತ್ತೆ, ಆ ಒಂದಕ್ಕೆ ಮಾನಿಟರ್ ಹಚ್ಚಿ ಮೌಸಲ್ಲೇ ಕೊಡ್ಬೇಕಾಯ್ತು. ಆಗಾಗ ಆ ಡಂಪನ್ನ ಹಳೇ ಮ್ಯಾಕ್‌ಬುಕ್ಕಲ್ಲಿ ರಿಸ್ಟೋರ್ ಮಾಡಿ ಬಾಕಿ ಮೊತ್ತ ತಾಳೆ ಆಗತ್ತಾ ನೋಡ್ತೀನಿ.

ಈಗ ಸಾಗರದಲ್ಲಿ ಆರ್ಡರ್ ತಗೊಳೋ ನೆಂಟರೊಬ್ಬರು ತಮಗೂ ಕನೆಕ್ಷನ್ ಬೇಕು ಅಂತಿದಾರೆ. ಪೋಸ್ಟ್‌ಗ್ರೆಸ್ ಕನೆಕ್ಷನ್ ತಗೊಳೋ 5432 ಪೋರ್ಟನ್ನ ಇಂಟರ್ನೆಟ್ಟಿಗೆ ತೆರೆಯಲ್ಲ, ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಮಾಡಿದ್ರೆ ಮಾತ್ರ ಅಂದಿದೀನಿ. ಸದ್ಯಕ್ಕೆ ಅವರು ಫೋನಲ್ಲಿ ಹೇಳ್ತಾರೆ, ಇಲ್ಲಿ ಕೌಂಟರಲ್ಲಿ ಇರೋರು ಟೈಪ್ ಮಾಡ್ಕೊಳ್ತಾರೆ.