ಹೆಮ್ಮೆಯಿದೆಯೇ ಎಂದು ಕೇಳಿದರೆ ಹೌದೆನ್ನುವವರು ಯಾರು?

ಮೈಕಟ್ಟು, ಮುಖ, ಬಣ್ಣದ ಬಗ್ಗೆ ಜನರ ಅಭಿಪ್ರಾಯ ಕೇಳುವ ಪ್ರಶ್ನಾವಳಿಗಳು ಮನಃಶಾಸ್ತ್ರದಲ್ಲಿ ಬೇಕಾದಷ್ಟಿವೆ. ರೂಪದ ಬಗ್ಗೆ ಹುಟ್ಟುವ ಭಾವನೆಯನ್ನೇ ಹಿಡಿಯಲು ಹೊರಟವು ಕಡಿಮೆ. ಕೆನಡಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ‘ಬೇಸಸ್’ ಎಂಬ ಮಾಪನ ಈ ಎರಡನೆಯ ಗುಂಪಿನದು. ಅದರ 16 ಹೇಳಿಕೆಗಳು 4 ಭಾವನೆಗಳನ್ನು ಅಳೆಯುತ್ತವೆ: ನಾಚಿಕೆ, ತಪ್ಪಿತಸ್ಥ ಭಾವ, ಶ್ರಮಪಟ್ಟು ಮೈಯನ್ನು ಚೆನ್ನಾಗಿಟ್ಟುಕೊಂಡ ಹೆಮ್ಮೆ, ಎಲ್ಲರಿಗಿಂತ ನಾನೇ ಚೆಂದ ಎಂಬ ಗರ್ವ. ‘ಎಂದೂ ಇಲ್ಲ’ದಿಂದ ‘ಯಾವಾಗಲೂ’ವರೆಗಿನ 5 ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇದನ್ನು ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತಂದು, ಅದೇ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸಿದವರೊಂದಿಗೆ ಹೋಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಅನುವಾದದ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತಂದರು, ಕುಳಿತು ಎರಡನ್ನೂ ಸೇರಿಸಿ ಒಂದೇ ಕರಡು ಮಾಡಿಕೊಂಡೆವು, ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿದರು. ಬಹಳ ಜನ ಇಷ್ಟಕ್ಕೇ ಕೈತೊಳೆದುಕೊಳ್ಳುತ್ತಾರೆ. ವಾಕ್ಯ ಸರಿಯಾಗಿದ್ದ ಮಾತ್ರಕ್ಕೆ ಉತ್ತರವೂ ಸರಿಯಾಗಿರಬೇಕೆಂದಿಲ್ಲ ಎಂಬುದು ತಿಳಿಯುವುದು ಮುಂದಿನ ಹಂತದಲ್ಲಿ. ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು, ‘ಉತ್ತರ ಹಾಕುವಾಗ ಮನಸ್ಸಿನಲ್ಲಿ ಏನು ಓಡುತ್ತದೋ ಅದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ’ ಎನ್ನುವುದು. ನಾನು ಅತಿ ಹೆಚ್ಚು ಸಮಯ ಸುರಿದದ್ದು ಇಲ್ಲಿಯೇ.

ಒಬ್ಬ ಹುಡುಗಿ ರೂಪದ ಹೆಮ್ಮೆಯ ಹೇಳಿಕೆಗೆ ಬಂದಾಗ ನಕ್ಕಳು. ಪೆನ್ನು ‘ಆಗಾಗ’ದ ಮೇಲೆ ಹೋಗಿ, ಸರಿದು, ‘ಎಂದೂ ಇಲ್ಲ’ಕ್ಕೆ ಬಂದು ನಿಂತಿತು. ಯಾಕೆಂದು ಕೇಳಿದೆ. “ಅನಿಸುತ್ತದೆ ಮೇಡಂ. ಆದರೆ ಹಾಗಂತ ಬರೆದು ಕೊಡುವುದುಂಟೇ? ದೃಷ್ಟಿಯಾಗುತ್ತದೆ.” ಇನ್ನೊಬ್ಬಳಿಗೆ ದೃಷ್ಟಿಯ ಭಯವಿರಲಿಲ್ಲ, ತನ್ನನ್ನು ತಾನೇ ಹೊಗಳಿಕೊಳ್ಳುವವರನ್ನು ಅವಳ ಮನೆಯಲ್ಲಿ ಆಡಿಕೊಳ್ಳುತ್ತಿದ್ದರು. ಇಬ್ಬರಲ್ಲೂ ಭಾವನೆ ಇತ್ತು, ಕಾಗದದ ಮೇಲೆ ಸೊನ್ನೆ.

ತಪ್ಪಿತಸ್ಥ ಭಾವದ ಕಥೆಯೇ ಬೇರೆ. ಮೂಲದ ಹೇಳಿಕೆಗಳು, ಚೆನ್ನಾಗಿ ಕಾಣಲು ನಾನು ಸಾಕಷ್ಟು ಪ್ರಯತ್ನ ಮಾಡಿಲ್ಲ ಎಂಬ ಕೊರಗನ್ನು ಅಳೆಯುತ್ತವೆ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹಲವರ ಕೊರಗು ಇದಕ್ಕೆ ತಿರುವುಮುರುವು: ಅಪ್ಪ ಅಮ್ಮ ಹೊಲದಲ್ಲಿ ದುಡಿಯುತ್ತಿರುವಾಗ ನಾನು ಕ್ರೀಮಿಗೆ ದುಡ್ಡು ಹಾಕುತ್ತಿದ್ದೇನಲ್ಲ ಎಂದು. ಒಂದೇ ಗುರುತು, ಎರಡು ವಿರುದ್ಧ ಅರ್ಥ. ಹುಡುಗರು ತೂಕಕ್ಕಿಂತ ಎತ್ತರ ಮತ್ತು ಗಡ್ಡದ ವಿಷಯವನ್ನೇ ಹೆಚ್ಚು ಮಾತಾಡಿದರು. ಬಣ್ಣದ ಮಾತು ಎತ್ತದವರು ವಿರಳ, ಅದೂ ತಮ್ಮ ಬಾಯಿಂದಲ್ಲ: “ಅತ್ತೆ ಹೇಳುತ್ತಾರೆ”, “ನೋಡಲು ಬಂದವರು ಹೇಳಿದರು”.

ಮನೆಯಲ್ಲಿ ತುಂಬಿಸುವ ಪ್ರಶ್ನಾವಳಿಯನ್ನು ನಾನು ನಂಬುವುದಿಲ್ಲ. ಮಗಳ ಹೆಗಲ ಹಿಂದೆ ನಿಂತ ತಾಯಿ, “ಇವಳಿಗೆ ಅಂಥದ್ದೇನೂ ಇಲ್ಲ, ಮೇಲಿನದಕ್ಕೇ ಹಾಕಿಬಿಡು” ಎಂದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಕಾಲೇಜಿನಲ್ಲೇ ಬೆಂಚಿಗೊಬ್ಬರನ್ನು ಕೂರಿಸಿ, ಹೆಸರಿಲ್ಲದ ಹಾಳೆಯನ್ನು ಲಕೋಟೆಗೆ ಹಾಕಿಸಿ, ಅಂಟಿಸಿದ ಮೇಲಷ್ಟೇ ತೆಗೆದುಕೊಳ್ಳುತ್ತಿದ್ದೆವು.

ಲೆಕ್ಕದ ಭಾಗ ಮೂರು ಮೆಟ್ಟಿಲಿನದು. ಕನ್ನಡ, ಇಂಗ್ಲಿಷ್ ಎರಡೂ ಗುಂಪುಗಳಲ್ಲಿ ಅದೇ ಹೇಳಿಕೆಗಳು ಅದೇ ಭಾವನೆಯ ಕೆಳಗೆ ಬರುತ್ತವೆಯೇ? ಆ ನಂಟಿನ ಬಲ ಎರಡೂ ಕಡೆ ಒಂದೇ ಆಗಿದೆಯೇ? ಕೊನೆಯದಾಗಿ, ಸಮನಾದ ಹೆಮ್ಮೆಯಿರುವ ಇಬ್ಬರು ಸಮನಾದ ಅಂಕಕ್ಕೇ ಗುರುತು ಹಾಕುತ್ತಾರೆಯೇ? ಮೆಟ್ಟಿಲಿನಿಂದ ಮೆಟ್ಟಿಲಿಗೆ ನಮ್ಮ ಲೆಕ್ಕದ ಮಾದರಿ ಬಂದ ಉತ್ತರಗಳಿಗೆ ಎಷ್ಟು ಹೊಂದುತ್ತದೆಂದು ತೋರಿಸುವ ಸಿಎಫ್‌ಐ ಎಂಬ ಸೂಚ್ಯಂಕ 0.01ಕ್ಕಿಂತ ಹೆಚ್ಚು ಕುಸಿದರೆ ಎಡವಿದಂತೆ ಎಂಬುದು ರೂಢಿ. ತಪ್ಪಿತಸ್ಥ ಭಾವ ಎರಡನೆಯದರಲ್ಲೇ ಮುಗ್ಗರಿಸಿತು. ಹೆಮ್ಮೆ ಮತ್ತು ಗರ್ವ ಮೂರನೆಯದರಲ್ಲಿ. ದೃಷ್ಟಿಯ ಹುಡುಗಿಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಾಚಿಕೆಯ ಹೇಳಿಕೆಗಳು ಮಾತ್ರ ಮೂರನ್ನೂ ದಾಟಿದವು.

ಮೂರನೆಯ ಮೆಟ್ಟಿಲು ದಾಟದಿದ್ದರೆ ಸರಾಸರಿಗಳನ್ನು ಅಕ್ಕಪಕ್ಕ ಇಡುವಂತಿಲ್ಲ. ಆದರೂ ಇಡುವವರಿದ್ದಾರೆ; ‘ಭಾರತೀಯರಿಗೆ ಮೈಯ ಹೆಮ್ಮೆ ಕಡಿಮೆ’ ಎಂಬಂಥ ಸಾಲುಗಳು ಹುಟ್ಟುವುದು ಹೀಗೆಯೇ. ಮನಃಶಾಸ್ತ್ರಜ್ಞ ವಿರೇನ್ ಸ್ವಾಮಿ ಮತ್ತು ಸಂಗಡಿಗರು ದೇಹ ಮೆಚ್ಚುಗೆಯ 10 ಹೇಳಿಕೆಗಳ ಮಾಪನವನ್ನು 65 ದೇಶ, 40 ಭಾಷೆಗಳಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದಾಗ ಲೇಖನದ ಬಹುಪಾಲು ಈ ಸಮಾನತೆಯ ಪರಿಶೀಲನೆಗೇ ಮೀಸಲಾಗಿತ್ತು.

ನಮ್ಮ ಮಾರ್ಗದರ್ಶಕರಿಗೆ ಹೋಲಿಕೆಯ ಕೋಷ್ಟಕ ಬೇಕೇ ಬೇಕಿತ್ತು. ಕೊನೆಗೆ ನಾಚಿಕೆಯದನ್ನು ಮಾತ್ರ ಕೊಟ್ಟೆ. ಹೆಮ್ಮೆ ಮತ್ತು ಗರ್ವದ ವಿಷಯದಲ್ಲಿ, ಊಟ ಬಿಡುವುದು, ಫೋಟೋ ತೆಗೆಸಿಕೊಳ್ಳಲು ಹಿಂಜರಿಯುವುದು ಇಂಥವುಗಳೊಂದಿಗೆ ಆಯಾ ಗುಂಪಿನೊಳಗಿನ ಸಂಬಂಧವನ್ನಷ್ಟೇ ಬರೆದೆ. ಬಣ್ಣದ ಬಗ್ಗೆ ಹೊಸದಾಗಿ ಬರೆದ ಹೇಳಿಕೆಗಳನ್ನು ಪ್ರತ್ಯೇಕ ಹಾಳೆಯಲ್ಲಿ ಕೇಳಿದೆವು. ಮೂಲದ 16ರೊಂದಿಗೆ ಕೂಡಿಸಿದ್ದರೆ ಅದು ಬೇರೆಯೇ ಮಾಪನವಾಗುತ್ತಿತ್ತು.